ನಾವಿಕನ ಸೇವಾಪತ್ರವನ್ನು ಓದುವ ಬಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ನಮ್ಮ ಸೀಮೆಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಮಳೆಯಾದರೆ ಜೋಳ, ಕಾಲುವೆಗೆ ನೀರು ಬಂದರೆ ಭತ್ತ. ಇದು ನಮ್ಮ ಲೋಕ. ನಮ್ಮ ತರಗತಿಯ ಬಹುಮಂದಿ ಸಮುದ್ರವನ್ನು ಮೊದಲ ಸಲ ಕಂಡದ್ದು ಪ್ರವಾಸಕ್ಕೆಂದು ಕಾರವಾರಕ್ಕೆ ಹೋದಾಗ. ಆದರೂ ಈ ಲೇಖನವು ಒಬ್ಬ ನಾವಿಕನ ಕಾಗದವನ್ನು ಕುರಿತದ್ದಾಗಿದೆ. ಆ ಕಾಗದ ನನ್ನ ಕೈಗೆ ಬಂದ ಸಂದರ್ಭವನ್ನು ಮೊದಲು ಹೇಳಿಬಿಡುತ್ತೇನೆ.

ಒಂದು ಓಣಿಯಲ್ಲಿ ಒಬ್ಬರೇ ಕಾಲೇಜಿನ ಮೆಟ್ಟಿಲು ಹತ್ತಿದ್ದರೆ ಆ ಓಣಿಯ ಕಾಗದಗಳೆಲ್ಲ ಅವರ ಮನೆಗೇ ಬರುತ್ತವೆ. ಪಹಣಿ, ಬ್ಯಾಂಕಿನ ನೋಟೀಸು, ಆಸ್ಪತ್ರೆಯ ಚೀಟಿ, ಎಲ್ಲವನ್ನೂ ನಾನು ಓದಿ ಹೇಳಿದ್ದೇನೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಬಿ. ಎ. ಓದಿದವರಿಲ್ಲವಾದ್ದರಿಂದ ತಪ್ಪು ಓದಿದರೆ ತಿದ್ದುವವರೂ ಇಲ್ಲ. ಹೀಗಿರಲು ಕಳೆದ ದೀಪಾವಳಿಯ ಹೊತ್ತಿಗೆ ನಮ್ಮ ಓಣಿಯ ಹಿರಿಯಳೊಬ್ಬಳು, ನಾವೆಲ್ಲ ದೊಡ್ಡವ್ವ ಎಂದು ಕರೆಯುವಾಕೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿದ ಒಂದು ಗಂಟನ್ನು ತಂದು ನನ್ನ ಮುಂದೆ ಬಿಚ್ಚಿದಳು. ಒಳಗೆ ನಾಲ್ಕು ಮಡಿಕೆಯಾಗಿ, ಮಡಿಕೆಯಲ್ಲಿ ಹರಿದುಹೋಗಿದ್ದ ಒಂದು ಕಾಗದ. ಅಚ್ಚಾದ ಇಂಗ್ಲಿಷ್ ಅಂಕಣಗಳು; ಅವುಗಳಲ್ಲಿ ಮಸಿಯಿಂದ ಬರೆದ ಅಕ್ಷರಗಳು. ಆಕೆಯ ತಂದೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೊಂಬಾಯಿಗೆ ಹೋಗಿ ನೌಕಾದಳ ಸೇರಿದ್ದನಂತೆ. ಅವನ ಸೇವಾಪತ್ರವದು.

“ಯವ್ವಾ, ನಮ್ಮಪ್ಪ ಹಡಗದಾಗ ಇದ್ದನೋ ಇಲ್ಲೋ, ಅದೊಂದು ನೋಡಿ ಹೇಳವ್ವ. ನನಗ ರೊಕ್ಕ ಬ್ಯಾಡ, ಪಿಂಚಣಿ ಬ್ಯಾಡ” ಎಂದಳು.

ಕೇಳಿದ್ದಕ್ಕೆ ಕಾರಣವಿತ್ತು. ಕಾಗದದಲ್ಲಿ ಹಡಗಿನ ಹೆಸರು ಎಂಬ ಅಂಕಣದಲ್ಲಿ ‘ತಲ್ವಾರ್’ ಎಂದು ಎರಡು ಸಲ ಬರೆದಿದೆ. ಓಣಿಯ ಹುಡುಗನೊಬ್ಬ ಆ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ತಲ್ವಾರ್ ಎಂಬ ಹಡಗು ನೌಕಾದಳಕ್ಕೆ ಸೇರಿದ್ದು 2003ರಲ್ಲಿ, ನಿಮ್ಮಪ್ಪ ಅದರಲ್ಲಿ ಹೇಗಿದ್ದನೆಂದು ನಕ್ಕನಂತೆ. ಅದಕ್ಕಿಂತ ಹಳೆಯದೊಂದು ನೋವೂ ಇತ್ತು. ಎಷ್ಟೋ ವರ್ಷಗಳ ಹಿಂದೆ ಯಾರೋ ಓದುಬಲ್ಲವರು ಕಾಗದದ ಕೊನೆಯ ಸಾಲನ್ನು ಓದಿ, “ಇವನ ಸೇವೆ ಇನ್ನು ಬೇಕಿಲ್ಲ ಅಂತ ಬರದಾರ, ಹೊರಗ ಹಾಕ್ಯಾರ” ಎಂದಿದ್ದರು. ಅಂದಿನಿಂದ ಆ ಮನೆಯವರು ಆ ಕಾಗದವನ್ನು ಯಾರಿಗೂ ತೋರಿಸಿರಲಿಲ್ಲ.

ಆ ದಿನ ನನಗೆ ಉತ್ತರ ಕೊಡಲಾಗಲಿಲ್ಲ. ಅಕ್ಷರಗಳನ್ನು ಓದಿದೆ, ಅರ್ಥವಾಗಲಿಲ್ಲ. ನಮ್ಮ ಚರಿತ್ರೆಯ ಉಪನ್ಯಾಸಕರಿಗೆ ತೋರಿಸಿದಾಗ ಅವರು ನಮ್ಮ ಮಸ್ಕಿಯ ಬಂಡೆಯನ್ನೇ ನೆನಪಿಸಿದರು. ಆ ಶಾಸನ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಇತ್ತು. 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರು ಅದನ್ನು ಕಂಡು, ಬಲ್ಲವರು ಓದಿದ ಮೇಲೆಯೇ ‘ದೇವಾನಾಂಪ್ರಿಯ’ನೆಂದರೆ ಅಶೋಕನೆಂಬುದು ಖಚಿತವಾಯಿತು. “ಕಾಗದವೂ ಹಾಗೆಯೇ; ಮೊದಲು ಅದರ ಲಿಪಿಯನ್ನಲ್ಲ, ಅದನ್ನು ಬರೆಯುವ ಪದ್ಧತಿಯನ್ನು ಕಲಿ” ಎಂದರು. ಅದರಂತೆ ಕಲಿತಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಕಾಗದ ಇನ್ನೂ ಯಾರ ಟ್ರಂಕಿನಲ್ಲಾದರೂ ಇದ್ದೀತು.

ಸೈನಿಕರ ಕಾಗದಗಳು ನಮ್ಮ ಸೀಮೆಗೆ ಹೊಸವಲ್ಲ. ಲಿಂಗಸುಗೂರು ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಛಾವಣಿಯಾಗಿತ್ತು. 1903ರಲ್ಲಿ ಆ ಸೈನ್ಯ ಭಾರತೀಯ ಸೈನ್ಯದಲ್ಲಿ ಸೇರಿಹೋಯಿತು. ಸಿಪಾಯಿ, ಸುಭೇದಾರ ಎಂದರೆ ನಮ್ಮ ಹಿರಿಯರಿಗೆ ಗೊತ್ತು. ನೌಕಾದಳದ ಮಾತೇ ಬೇರೆ. ಆದರೂ ದಾರಿ ಇಲ್ಲದಿರಲಿಲ್ಲ. ಬೊಂಬಾಯಿಯಿಂದ ಬಂದ ರೈಲುಮಾರ್ಗವೂ ಮದರಾಸಿನಿಂದ ಬಂದದ್ದೂ 1871ರಲ್ಲಿ ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲಿಯೇ. ಬರ ಬಿದ್ದ ವರ್ಷ ರಾಯಚೂರಿಗೆ ನಡೆದು ರೈಲು ಹತ್ತಿದರೆ ಇಳಿಯುವುದು ಬೊಂಬಾಯಿಯಲ್ಲಿ.

ಆಗ ಈ ನಾಡು ನಿಜಾಮರ ಆಳಿಕೆಯಲ್ಲಿತ್ತೆಂಬುದನ್ನು ವಾಚಕರು ಬಲ್ಲರು. ನಿಜಾಮರು ಯುದ್ಧಕ್ಕೆ ಧಾರಾಳವಾಗಿ ಹಣ ಕೊಟ್ಟವರು. ಅವರ ಗೌರವಾರ್ಥ ‘ನಿಜಾಮ್’ ಎಂಬ ಹೆಸರಿನ ಸಮರನೌಕೆಯೊಂದು 1941ರಲ್ಲಿ ಆಸ್ಟ್ರೇಲಿಯದ ನಾವಿಕರನ್ನು ಹೊತ್ತು ಮೆಡಿಟರೇನಿಯನ್ ಸಮುದ್ರದಲ್ಲಿ ತೊಬ್ರೂಕಿಗೆ ಹೋಗಿಬರುತ್ತಿತ್ತು. ‘ಹೈದರಾಬಾದ್’ ಎಂಬ ಬ್ರಿಟಿಷ್ ಹಡಗೊಂದು 1942ರ ಡಿಸೆಂಬರಿನಲ್ಲಿ ಉತ್ತರ ಧ್ರುವದ ಬಳಿಯ ಬ್ಯಾರೆಂಟ್ಸ್ ಸಮುದ್ರದಲ್ಲಿ ರಷ್ಯಕ್ಕೆ ಸರಕು ಸಾಗಿಸುವ ಹಡಗುಗಳ ಕಾವಲಿಗಿತ್ತು. ನಮ್ಮ ಎರೆಹೊಲಗಳ ಕಂದಾಯದಲ್ಲಿ ಎಷ್ಟು ಪಾಲು ಸಮುದ್ರದ ಮೇಲೆ ಕಬ್ಬಿಣವಾಗಿ ತೇಲಿತೋ, ಲೆಕ್ಕ ಬಲ್ಲವರು ಹೇಳಬೇಕು.

ಇನ್ನು ಮುಖ್ಯ ವಿಷಯ. ಭಾರತದ ನೌಕಾದಳ 1934ರ ಅಕ್ಟೋಬರಿನಲ್ಲಿ ‘ರಾಯಲ್ ಇಂಡಿಯನ್ ನೇವಿ’ ಎಂಬ ಹೆಸರು ಪಡೆಯಿತು. 1939ರಲ್ಲಿ ಯುದ್ಧ ಹೊತ್ತಿದಾಗ ಅದರ ಬಳಿ ಇದ್ದವು ಕೆಲವೇ ಹಡಗುಗಳು. ಯುದ್ಧ ಮುಗಿಯುವ ವೇಳೆಗೆ ದೊಡ್ಡವು, ಸಣ್ಣವು ಸೇರಿ ನೂರಕ್ಕೆ ಮೀರಿದವು. ಜನ 25,000ಕ್ಕೂ ಮಿಕ್ಕಿದ್ದರು. ಇಷ್ಟು ಬೇಗ ಬೆಳೆದ ಪಡೆಗೆ ಹಳ್ಳಿಹಳ್ಳಿಗಳಿಂದ ಹುಡುಗರು ಬೇಕಾದರು. ಅವರು ಕೈಗೊಂಬೆಗಳಾಗಿರಲಿಲ್ಲ. 1942ರ ನವೆಂಬರ್ 11ರಂದು ‘ಬೆಂಗಾಲ್’ ಎಂಬ ಪುಟ್ಟ ಹಡಗು, ‘ಒಂಡಿನಾ’ ಎಂಬ ಡಚ್ಚರ ತೈಲದ ಹಡಗಿನೊಡನೆ ಹಿಂದೂ ಮಹಾಸಾಗರದಲ್ಲಿ ಹೋಗುತ್ತಿದ್ದಾಗ ತನಗಿಂತ ಹತ್ತು ಪಟ್ಟು ದೊಡ್ಡವಾದ ಎರಡು ಜಪಾನೀ ಹಡಗುಗಳು ಎದುರಾದವು. ‘ಬೆಂಗಾಲ್’ ಓಡದೆ ನೇರವಾಗಿ ಮೇಲೇರಿ ಹೋಯಿತು. ಕಾದಾಟದ ಕೊನೆಗೆ ‘ಹೊಕೊಕು ಮಾರು’ ಎಂಬ ಜಪಾನೀ ಹಡಗು ಸ್ಫೋಟಗೊಂಡು ಮುಳುಗಿತು. ಭಾರತದ ಪುಟ್ಟ ಹಡಗು ಉಳಿಯಿತು.

ಈ ಪಡೆಯ ಕಾಗದಪತ್ರಗಳು ಬ್ರಿಟಿಷ್ ರಾಯಲ್ ನೇವಿಯ ಪದ್ಧತಿಯನ್ನೇ ಅನುಸರಿಸಿದವು. ಒಬ್ಬ ನಾವಿಕನ ಸೇವೆಯೆಲ್ಲ ಒಂದೇ ಹಾಳೆಯಲ್ಲಿ ಸಾಲುಸಾಲಾಗಿ ಏರುತ್ತದೆ. ಮೇಲ್ಗಡೆ ಅವನ ಸಂಖ್ಯೆ. ಹೆಸರಿಗಿಂತಲೂ ಇದು ಮುಖ್ಯ, ಏಕೆಂದರೆ ಹೆಸರನ್ನು ಬ್ರಿಟಿಷ್ ಗುಮಾಸ್ತನು ತನ್ನ ಕಿವಿಗೆ ಬಿದ್ದಂತೆ ಬರೆದಿರುತ್ತಾನೆ, ಸಂಖ್ಯೆಯಲ್ಲಿ ಆ ಸ್ವಾತಂತ್ರ್ಯವಿಲ್ಲ. ಅನಂತರ ಹುಟ್ಟೂರು, ಹುಟ್ಟಿದ ದಿನ, ಎತ್ತರ, ಮೈಬಣ್ಣ, ಮೈಮೇಲಿನ ಗಾಯದ ಗುರುತು. ನಾನು ‘ಎಡಹುಬ್ಬಿನ ಮೇಲೆ ಗಾಯದ ಗುರುತು’ ಎಂದು ಓದಿದಾಗ ದೊಡ್ಡವ್ವ, “ಅದು ಎತ್ತು ಹಾದದ್ದವ್ವ” ಎಂದಳು. ಇಡೀ ಕಾಗದದಲ್ಲಿ ಆಕೆಗೆ ವಿವರಣೆ ಬೇಡವಾದ ಸಾಲು ಅದೊಂದೇ.

ಮುಂದಿನದು ದರ್ಜೆ. ನೌಕಾದಳದಲ್ಲಿ ಅಧಿಕಾರಿಗಳಲ್ಲದವರನ್ನು ‘ರೇಟಿಂಗ್’ ಎನ್ನುತ್ತಾರೆ. ಈ ಕಾಗದದ ನಾವಿಕನ ದರ್ಜೆ ಟೆಲಿಗ್ರಾಫಿಸ್ಟ್. ಎಂದರೆ ತಂತಿಯಿಲ್ಲದ ಯಂತ್ರದಲ್ಲಿ ಚುಕ್ಕೆಗೀಟುಗಳ ಮೋರ್ಸ್ ಸಂಕೇತದಿಂದ ಸುದ್ದಿ ಕಳಿಸುವವನು, ಬರುವ ಸುದ್ದಿಯನ್ನು ಕೇಳಿ ಬರೆದುಕೊಳ್ಳುವವನು. ಅಪ್ಪ ಮುಪ್ಪಿನಲ್ಲಿ ಹೊರಸಿನ ಪಟ್ಟಿಯನ್ನು ಬೆರಳಿನಿಂದ ಸುಮ್ಮನೆ ಕುಟ್ಟುತ್ತ ಕೂಡುತ್ತಿದ್ದನೆಂದು ದೊಡ್ಡವ್ವ ಹೇಳಿದಳು. ಅದೊಂದು ಚಟವೆಂದು ಮನೆಯವರು ತಿಳಿದಿದ್ದರು.

ಈಗ ಹಡಗಿನ ಹೆಸರಿನ ಅಂಕಣಕ್ಕೆ ಬರೋಣ. ಎಲ್ಲ ಗೊಂದಲವೂ ಇಲ್ಲಿಯೇ. ರಾಯಲ್ ನೇವಿಯಲ್ಲಿ ಒಂದು ವಿಚಿತ್ರ ಸಂಪ್ರದಾಯವುಂಟು. ದಡದ ಮೇಲಿನ ತರಬೇತಿ ಶಾಲೆ, ಉಗ್ರಾಣ, ವಸತಿ, ಏನೇ ಇರಲಿ, ಅದಕ್ಕೂ ಹಡಗಿನ ಹೆಸರನ್ನೇ ಇಡುತ್ತಾರೆ. ಕಲ್ಲಿನ ಕಟ್ಟಡದಲ್ಲಿದ್ದರೂ ನಾವಿಕ ‘ಹಡಗಿನಲ್ಲಿ’ ಇದ್ದಾನೆ. ಬಾಗಿಲು ದಾಟಿ ಪೇಟೆಗೆ ಹೊರಟರೆ ‘ದಡಕ್ಕೆ’ ಹೋದನೆನ್ನುತ್ತಾರೆ. ಠಾಣೆಯಲ್ಲಿದ್ದ ‘ಅಕ್ಬರ್’, ಕರಾಚಿಯ ‘ಬಹಾದ್ದೂರ್’, ‘ದಿಲಾವರ್’, ‘ಹಿಮಾಲಯ’, ಇವು ಯಾವುವೂ ತೇಲುವ ಹಡಗುಗಳಲ್ಲ. ‘ತಲ್ವಾರ್’ ಎಂಬುದೂ ಬೊಂಬಾಯಿಯ ಕೊಲಾಬದಲ್ಲಿದ್ದ ಸಂಕೇತವಿದ್ಯೆಯ ಶಾಲೆ. ಟೆಲಿಗ್ರಾಫಿಸ್ಟನಾದವನ ಕಾಗದದಲ್ಲಿ ಅದು ಇರುವುದೇ ಸಹಜ. ಅದೇ ಹೆಸರನ್ನು ಸ್ವಾತಂತ್ರ್ಯಾನಂತರ ನಮ್ಮ ನೌಕಾದಳ ಒಂದಾದ ಮೇಲೊಂದರಂತೆ ಎರಡು ನಿಜವಾದ ಹಡಗುಗಳಿಗೆ ಇಟ್ಟಿತು. ಓಣಿಯ ಹುಡುಗ ಮೊಬೈಲಿನಲ್ಲಿ ಕಂಡದ್ದು ಅವುಗಳಲ್ಲಿ ಎರಡನೆಯದನ್ನು. ಹೆಸರು ಸರಿ, ತಲೆಮಾರು ತಪ್ಪು. ನೌಕಾದಳದ ಹೆಸರುಗಳು ನಮ್ಮ ಮನೆಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಟ್ಟಂತೆ. ಯಾವ ವರ್ಷದ ಯಾರು ಎಂದು ಕೇಳದೆ ಹುಡುಕಬಾರದು.

ಹಾಗಾದರೆ ಆ ಮನುಷ್ಯ ಶಾಲೆಯ ಕಟ್ಟಡದಲ್ಲಿ ಕುಳಿತೇ ಯುದ್ಧ ಕಳೆದನೆ? ಇಲ್ಲ. ಎರಡು ‘ತಲ್ವಾರ್’ಗಳ ನಡುವೆ ಇನ್ನೊಂದು ಹೆಸರಿದೆ: ‘ಕಿಸ್ಟ್ನಾ’. ಮನೆಯವರು ಇದನ್ನು ಯಾವನೋ ಸಾಹೇಬನ ಹೆಸರೆಂದು ತಿಳಿದಿದ್ದರು. ನನಗೂ ಕೆಲವು ದಿನ ಹೊಳೆಯಲಿಲ್ಲ. ಲಿಂಗಸುಗೂರು ತಾಲ್ಲೂಕಿನ ಉತ್ತರಕ್ಕೆ ಹರಿಯುವ ನಮ್ಮ ಕೃಷ್ಣಾ ನದಿಯನ್ನು ಬ್ರಿಟಿಷರು ಬರೆಯುತ್ತಿದ್ದುದು ಹಾಗೆಯೇ! ಆ ಕಾಲದ ಭಾರತದ ಯುದ್ಧನೌಕೆಗಳಿಗೆ ನದಿಗಳ ಹೆಸರಿಡುತ್ತಿದ್ದರು: ಗೋದಾವರಿ, ನರ್ಬದಾ, ಕಾವೇರಿ, ಜಮ್ನಾ, ಸತ್ಲೆಜ್. ‘ಕಿಸ್ಟ್ನಾ’ 1943ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕಟ್ಟಿದ ಹಡಗು. 1945ರ ಜನವರಿ 21ರಂದು ಬರ್ಮಾದ ಕರಾವಳಿಯ ರಾಮ್ರೀ ದ್ವೀಪದಲ್ಲಿ ಸೈನ್ಯ ಇಳಿದಾಗ ‘ಕ್ವೀನ್ ಎಲಿಜಬೆತ್’ ಎಂಬ ಮಹಾನೌಕೆಯೊಡನೆ ದಡದ ಮೇಲೆ ಫಿರಂಗಿ ಹಾರಿಸಿದ ಹಡಗುಗಳಲ್ಲಿ ಇದೂ ಒಂದು. ಸ್ವತಂತ್ರ ಭಾರತದಲ್ಲಿ ‘ಕೃಷ್ಣಾ’ ಎಂಬ ಸರಿಯಾದ ಹೆಸರು ಪಡೆದು 1981ರವರೆಗೆ ಹುಡುಗರಿಗೆ ತರಬೇತಿ ಕೊಡುತ್ತ ಬಾಳಿತು.

ಹಡಗಿನ ಹೆಸರೊಂದೇ ಸಾಲದೆನ್ನುವವರಿಗೆ ಕಾಗದದಲ್ಲಿಯೇ ಎರಡನೆಯ ಸಾಕ್ಷಿ ಇದೆ, ಪದಕಗಳ ಸಾಲು. ಈತನಿಗೆ ಬರೆದಿರುವುದು ‘1939–45 ಸ್ಟಾರ್’, ‘ಬರ್ಮಾ ಸ್ಟಾರ್’ ಮತ್ತು ‘ವಾರ್ ಮೆಡಲ್’. ವಾರ್ ಮೆಡಲಿಗೆ 28 ದಿನದ ಸೇವೆ ಸಾಕು, ಅದರಿಂದ ಹೆಚ್ಚೇನೂ ತಿಳಿಯದು. ಆದರೆ ‘1939–45 ಸ್ಟಾರ್’ ನೌಕಾದಳದವನಿಗೆ ಸಿಗಬೇಕಾದರೆ ಯುದ್ಧ ನಡೆಯುವ ನೀರಿನಲ್ಲಿ ಆರು ತಿಂಗಳು ಹಡಗಿನ ಮೇಲೆ ಸೇವೆ ಸಲ್ಲಿಸಿರಬೇಕೆಂಬುದು ಸಾಮಾನ್ಯ ನಿಯಮ. ಅದನ್ನು ಗಳಿಸಿದ ಮೇಲೆ ಬಂಗಾಳ ಕೊಲ್ಲಿಯಲ್ಲಿ ಸೇವೆ ಮಾಡಿದ ನಾವಿಕನಿಗೆ ‘ಬರ್ಮಾ ಸ್ಟಾರ್’. ಕೊಲಾಬದ ಕಟ್ಟಡದಲ್ಲಿ ಕುಳಿತವನಿಗೆ ಇವು ಬರತಕ್ಕವಲ್ಲ. ಪದಕವೆಂದರೆ ಎದೆಯ ಮೇಲಿನ ಅಲಂಕಾರವೆಂದು ನಾನು ತಿಳಿದಿದ್ದೆ. ಕಾಗದ ಓದುವವನಿಗೆ ಅದು ಭೂಪಟವೂ ಹೌದು, ದಿನಗಳ ಲೆಕ್ಕವೂ ಹೌದು.

ದೊಡ್ಡವ್ವನ ಮೊದಲನೆಯ ಪ್ರಶ್ನೆಗೆ ಇಲ್ಲಿಗೆ ಉತ್ತರ ಸಿಕ್ಕಿತು. ಅವಳ ತಂದೆ ಹಡಗಿನಲ್ಲಿದ್ದ. ಅದರ ಹೆಸರು ಕೃಷ್ಣಾ. ಹೇಳಿದಾಗ ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ನಮ್ಮ ಕೃಷ್ಣಾನ?” ಎಂದು ಎರಡು ಸಲ ಕೇಳಿದಳು.

ಎರಡನೆಯದು ಕಠಿಣ. ಬಿಡುಗಡೆಯ ಕಾರಣವೆಂಬ ಅಂಕಣ ಸೇವಾಪತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು. ಅದರಲ್ಲಿ ಬರೆಯುವುದು ಎರಡು ಮೂರು ಅಕ್ಷರ ಮಾತ್ರ. ‘ಡಿ. ಡಿ.’ ಎಂದಿದ್ದರೆ ಸೇವೆಯಲ್ಲಿರುವಾಗ ಸತ್ತನೆಂದರ್ಥ. ‘ರನ್’ ಎಂದರೆ ಓಡಿಹೋದವನು. ‘ಎಸ್. ಎನ್. ಎಲ್. ಆರ್.’ ಎಂದರೆ, ಸೇವೆ ಇನ್ನು ಅವಶ್ಯವಿಲ್ಲ. ನಮ್ಮ ಕಾಗದದಲ್ಲಿರುವುದು ಈ ಕಡೆಯದೇ. ಅದರ ಮುಂದೆ 1946ರ ಬೇಸಗೆಯ ತಾರೀಖು, ಎಡಗಡೆ ‘ತಲ್ವಾರ್’. ಮೊದಲು ಓದಿ ಹೇಳಿದವರು ಅಕ್ಷರಗಳನ್ನು ತಪ್ಪಾಗಿ ಓದಿರಲಿಲ್ಲ. ಅವರು ನೋಡದೆ ಬಿಟ್ಟದ್ದು ವರ್ಷವನ್ನೂ ಸ್ಥಳವನ್ನೂ.

1946ರ ಫೆಬ್ರವರಿ 18ರ ಬೆಳಿಗ್ಗೆ ಇದೇ ‘ತಲ್ವಾರ್’ ಶಾಲೆಯ ರೇಟಿಂಗುಗಳು ಊಟ ಮುಟ್ಟದೆ ಮುಷ್ಕರ ಹೂಡಿದರು. ಕೆಟ್ಟ ಅನ್ನ, ಬ್ರಿಟಿಷ್ ನಾವಿಕನಿಗೊಂದು ಭಾರತೀಯನಿಗೊಂದು ಎಂಬ ಸಂಬಳ, ಬಿಳಿಯ ಅಧಿಕಾರಿಯ ಹೀನಾಯ ಬೈಗುಳ, ಇವು ಕಾರಣಗಳು. ಆ ತಿಂಗಳ ಆದಿಯಲ್ಲಿಯೇ ಬಿ. ಸಿ. ದತ್ ಎಂಬ ಟೆಲಿಗ್ರಾಫಿಸ್ಟನನ್ನು ಗೋಡೆಗಳ ಮೇಲೆ ‘ಭಾರತ ಬಿಟ್ಟು ತೊಲಗಿ’ ಎಂದು ಬರೆದುದಕ್ಕಾಗಿ ಬಂಧಿಸಿದ್ದರು. ಸಂಕೇತವಿದ್ಯೆಯ ಶಾಲೆಯಲ್ಲಿ ಹುಟ್ಟಿದ ಮುಷ್ಕರವಾದ್ದರಿಂದ ಸುದ್ದಿ ಹರಡಲು ಅವರಿಗೆ ಪತ್ರಿಕೆ ಬೇಕಾಗಲಿಲ್ಲ. ಯಂತ್ರ ಅವರ ಕೈಯಲ್ಲಿಯೇ ಇತ್ತು. ಕೆಲವೇ ದಿನಗಳಲ್ಲಿ ಸುಮಾರು 78 ಹಡಗುಗಳು, 20 ದಡದ ಠಾಣ್ಯಗಳು, 20,000 ನಾವಿಕರು ಸೇರಿದರು. ಎಂ. ಎಸ್. ಖಾನ್ ಮುಷ್ಕರ ಸಮಿತಿಯ ಅಧ್ಯಕ್ಷ, ಮದನ್ ಸಿಂಗ್ ಉಪಾಧ್ಯಕ್ಷ. ಬೊಂಬಾಯಿಯ ಗಿರಣಿ ಕಾರ್ಮಿಕರು ಬೆಂಬಲಕ್ಕೆ ಬೀದಿಗೆ ಇಳಿದರು. ಗುಂಡಿಗೆ ಇನ್ನೂರಕ್ಕೂ ಹೆಚ್ಚು ಜನ ಬಲಿಯಾದರು. ಕರಾಚಿಯಲ್ಲಿ ‘ಹಿಂದುಸ್ತಾನ್’ ಎಂಬ ಹಡಗಿಗೂ ಬ್ರಿಟಿಷ್ ಸೈನ್ಯಕ್ಕೂ ಗುಂಡಿನ ಕಾಳಗವಾಯಿತು. ಸರ್ದಾರ್ ಪಟೇಲರ ಸಲಹೆಯ ಮೇಲೆ ಫೆಬ್ರವರಿ 23ರಂದು ನಾವಿಕರು ಶರಣಾದರು. ಶಿಕ್ಷೆಯಾಗದಂತೆ ನೋಡಿಕೊಳ್ಳುವೆವೆಂಬ ಮಾತು ಅವರಿಗೆ ದೊರಕಿತ್ತು. ಆದರೂ 476 ಮಂದಿಯನ್ನು ಕೆಲಸದಿಂದ ತೆಗೆದರು. ಮರುವರ್ಷ ಸ್ವಾತಂತ್ರ್ಯ ಬಂತು. ಹೊರಹಾಕಿದವರನ್ನು ಭಾರತದ ನೌಕಾದಳವಾಗಲಿ ಪಾಕಿಸ್ತಾನದ್ದಾಗಲಿ ಮರಳಿ ಸೇರಿಸಿಕೊಳ್ಳಲಿಲ್ಲ. ನಮ್ಮ ಪಠ್ಯಪುಸ್ತಕದಲ್ಲಿ ಇದೆಲ್ಲಕ್ಕೂ ಒಂದೇ ಪ್ಯಾರಾ ಇದೆ. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ನಮ್ಮ ಓಣಿಯವರೆಗೆ ಅದು ಬಂದೀತೆಂದು ಎಣಿಸಿರಲಿಲ್ಲ.

ಕಾಗದದಲ್ಲಿ ‘ಮುಷ್ಕರ’ ಎಂಬ ಮಾತಿಲ್ಲ. ಆದರೆ ಇನ್ನೊಂದು ಅಂಕಣವಿದೆ, ನಡತೆಯದು. ಪ್ರತಿವರ್ಷ ಡಿಸೆಂಬರ್ 31ಕ್ಕೆ ಅಧಿಕಾರಿ ಅದನ್ನು ತುಂಬುವುದು ವಾಡಿಕೆ. ‘ವಿ. ಜಿ.’ ಎಂದರೆ ಬಹಳ ಒಳ್ಳೆಯದು. ಅಲ್ಲಿಂದ ಕೆಳಗೆ ಒಳ್ಳೆಯದು, ಪರವಾಗಿಲ್ಲ, ಸಾಧಾರಣಕ್ಕೂ ಕಡಿಮೆ, ಕೆಟ್ಟದ್ದು. ಈತನಿಗೆ 1944ರಲ್ಲಿ ‘ವಿ. ಜಿ.’, 1945ರಲ್ಲಿ ‘ವಿ. ಜಿ.’, ಬಿಡುಗಡೆಯ ದಿನ ಮಾತ್ರ ಕೆಳಗಿನಿಂದ ಎರಡನೆಯದು. ಬರ್ಮಾದ ನೀರಿನಲ್ಲಿ ಒಳ್ಳೆಯವನಾಗಿದ್ದ ಮನುಷ್ಯ ಕೊಲಾಬದ ಕಟ್ಟಡದಲ್ಲಿ ಕೆಲವೇ ತಿಂಗಳಲ್ಲಿ ಕೆಟ್ಟುಹೋದನೆ? ಹಾಗೆ ನಂಬುವುದು ನನಗೆ ಕಷ್ಟ. ಆದರೆ ನಮ್ಮ ಉಪನ್ಯಾಸಕರು ಎಚ್ಚರಿಸಿದರು: ಸ್ಥಳ, ಕಾಲ, ಇಳಿದ ನಡತೆ, ಈ ಮೂರೂ ಒಂದೆಡೆ ಬೆರಳು ತೋರಿಸುತ್ತವೆ, ರುಜುವಾತು ಮಾಡುವುದಿಲ್ಲ, ಯುದ್ಧ ಮುಗಿದ ಮೇಲೆ ಬೇರೆ ಕಾರಣಗಳಿಂದಲೂ ಜನರನ್ನು ಬಿಟ್ಟದ್ದುಂಟು. ಸರಿಯಾದ ಮಾತು. ದೊಡ್ಡವ್ವನಿಗೂ ಹಾಗೆಯೇ ಹೇಳಿದೆ. “ಹೊರಗ ಹಾಕಿದ್ದು ಖರೆ. ಯಾಕ ಅನ್ನೂದು ಕೇಳಬೇಕು” ಎಂದೆ.

ಅದನ್ನು ಕೇಳಲು ಒಂದು ಸ್ಥಳವಿದೆ. ನೌಕಾದಳದ ನಾವಿಕರ ದಾಖಲೆಗಳನ್ನು ನೋಡಿಕೊಳ್ಳುವ ಕಚೇರಿ ಮುಂಬಯಿಯ ಮಾನಖುರ್ದದ ಚೀತಾ ಕ್ಯಾಂಪಿನಲ್ಲಿದೆ. ಅದಕ್ಕೆ ‘ಬ್ಯೂರೋ ಆಫ್ ಸೇಲರ್ಸ್’ ಎಂದು ಹೆಸರು. ಅರ್ಜಿಯಲ್ಲಿ ನಾವಿಕನ ಸಂಖ್ಯೆಯನ್ನು ಕಾಗದದಲ್ಲಿರುವಂತೆ ಒಂದಕ್ಷರವೂ ಬಿಡದೆ ಬರೆಯಬೇಕು. ಹೆಸರನ್ನು ಇಂಗ್ಲಿಷಿನಲ್ಲಿ ಅವರು ಹೇಗೆ ಬರೆದಿದ್ದಾರೋ ಹಾಗೆಯೇ, ತಪ್ಪಿದ್ದರೂ ತಿದ್ದದೆ, ಕೊಡಬೇಕು. ಸೇರಿದ ವರ್ಷ, ಹಡಗುಗಳ ಹೆಸರು, ಅರ್ಜಿದಾರರಿಗೂ ನಾವಿಕನಿಗೂ ಇರುವ ಸಂಬಂಧ, ಅದಕ್ಕೆ ಪುರಾವೆ, ಇಷ್ಟೂ ಇರಲಿ. ಮೂಲ ಕಾಗದವನ್ನು ಎಂದಿಗೂ ಕಳಿಸಬಾರದು, ನಕಲು ಸಾಕು. ಹಳೆಯ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಲೂ ಬಾರದು; ಅಂಗಡಿಯ ಯಂತ್ರದ ಬಿಸಿಗೆ ಮಸಿ ಹಾಳಾಗುತ್ತದೆ, ಅಂಟಿದ ಹಾಳೆಯನ್ನು ಮತ್ತೆ ಬಿಡಿಸಲಾಗದು. ಇದನ್ನು ನಾನು ಸಿಂಧನೂರಿನ ಝೆರಾಕ್ಸ್ ಅಂಗಡಿಯಲ್ಲಿ ವಾದ ಮಾಡಿಯೇ ತಪ್ಪಿಸಬೇಕಾಯಿತು. ಇನ್ನೊಂದು ಮಾತು. ಸ್ವಾತಂತ್ರ್ಯ ಯೋಧರ ಸಮ್ಮಾನ ಪಿಂಚಣಿಗಾಗಿ ಭಾರತ ಸರಕಾರ ಮನ್ನಿಸಿದ ಹೋರಾಟಗಳ ಪಟ್ಟಿಯಲ್ಲಿ 1946ರ ನೌಕಾದಳದ ಬಂಡಾಯವೂ ಸೇರಿದೆ. ಕೊಲಾಬದಲ್ಲಿ ಅದರ ಸ್ಮಾರಕವಿದೆ. ಒಂದು ಕಾಲಕ್ಕೆ ಮನೆಯವರು ಬಚ್ಚಿಟ್ಟ ಮೂರು ನಾಲ್ಕು ಅಕ್ಷರಗಳೇ ಮುಂದೆ ಕೆಲವರಿಗೆ ಗೌರವದ ಸಾಕ್ಷಿಯಾದವು.

ದೊಡ್ಡವ್ವನ ಅರ್ಜಿಯನ್ನು ನಾನೇ ಇಂಗ್ಲಿಷಿನಲ್ಲಿ ಬರೆದೆ. ಎರಡು ಕಡೆ ಕಾಗುಣಿತ ತಪ್ಪಿತ್ತು, ಇಂಗ್ಲಿಷ್ ಉಪನ್ಯಾಸಕರು ತಿದ್ದಿಕೊಟ್ಟರು. ಆಕೆ ಹೆಬ್ಬೆಟ್ಟು ಒತ್ತಲು ಒಪ್ಪದೆ, ಅಪ್ಪ ಕಲಿಸಿದ್ದೆಂದು ಹೇಳಿ ತನ್ನ ಹೆಸರನ್ನು ನಿಧಾನವಾಗಿ ಕನ್ನಡದಲ್ಲಿ ಬರೆದಳು. ಈ ಲೇಖನವನ್ನು ಸಂಪಾದಕರಿಗೆ ಒಪ್ಪಿಸುವ ಹಿಂದಿನ ದಿನ ಇಬ್ಬರೂ ಲಿಂಗಸುಗೂರಿಗೆ ಹೋಗಿ ಅಂಚೆಗೆ ಹಾಕಿಬಂದೆವು. ಸ್ಪೀಡ್ ಪೋಸ್ಟಿನ ರಸೀದಿಯನ್ನು ಆಕೆ ಕೇಳಿ ಇಸಿದುಕೊಂಡು, ಅದೇ ಧೋತರದ ತುಂಡಿನಲ್ಲಿ ಸೇವಾಪತ್ರದ ಜೊತೆಗೆ ಸುತ್ತಿಟ್ಟಳು.